ಕೊನೆಯ ದಿನಗಳ ಕೋಣೆಗೆ ಯಾವ ಪರಿಮಳ? ಮನೆಯಲ್ಲಿ ಆರೈಕೆ ಮಾಡುವವರಿಗೆ

ಹೆತ್ತೂರು ಕಡೆಯ ಒಂದು ತೋಟದ ಮನೆಗೆ ಮೊದಲ ಸಲ ಹೋದಾಗ ಜಗಲಿ ಹತ್ತುವ ಮೊದಲೇ ಊದುಬತ್ತಿಯ ವಾಸನೆ ಮೂಗಿಗೆ ಬಡಿಯಿತು. ಒಳಗಿನ ಕೋಣೆಯಲ್ಲಿ ಎಪ್ಪತ್ತೆಂಟು ವರ್ಷದ ಅಜ್ಜಿ ಮಲಗಿದ್ದರು. ಸ್ತನದ ಕ್ಯಾನ್ಸರ್ ಚರ್ಮ ಒಡೆದು ಹುಣ್ಣಾಗಿತ್ತು. ಅದರ ವಾಸನೆ ಅವರಿಗೆ ತಿಳಿಯದಿರಲಿ ಎಂದು ಸೊಸೆ ಬೆಳಗಿನಿಂದ ರಾತ್ರಿಯವರೆಗೆ ಒಂದರ ಹಿಂದೆ ಒಂದು ಬತ್ತಿ ಹಚ್ಚುತ್ತಿದ್ದಳು. ನಾನು ಮಂಚದ ಅಂಚಿನಲ್ಲಿ ಕುಳಿತಾಗ ಅಜ್ಜಿ ನನ್ನ ಮಣಿಕಟ್ಟು ಹಿಡಿದು ಮೆಲ್ಲಗೆ ಕೇಳಿದರು: "ಸಿಸ್ಟರಮ್ಮ, ನಾನು ಇನ್ನೂ ಉಸಿರಾಡುತ್ತಿದ್ದೇನಲ್ಲ, ಆಗಲೇ ತಲೆಯ ಹತ್ತಿರ ಊದುಬತ್ತಿ ಯಾಕೆ ಹಚ್ಚಿದ್ದಾರೆ?"

ಸೊಸೆ ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖ ಸಪ್ಪಗಾಯಿತು. ಅವಳು ಮಾಡಿದ್ದೆಲ್ಲ ಪ್ರೀತಿಯಿಂದಲೇ. ಆದರೆ ನಮ್ಮ ಕಡೆ ಜೀವ ಹೋದವರ ತಲೆಯ ಬಳಿ ದೀಪ ಇಟ್ಟು ಊದುಬತ್ತಿ ಹಚ್ಚುತ್ತಾರೆ. ಆ ವಾಸನೆಗೆ ಅಜ್ಜಿ ತನ್ನ ಗಂಡನನ್ನು, ತಮ್ಮನನ್ನು, ಎಷ್ಟೋ ನೆಂಟರನ್ನು ಕಳುಹಿಸಿಕೊಟ್ಟಿದ್ದರು. ಅದು ಅವರಿಗೆ ಪೂಜೆಯ ವಾಸನೆಯಾಗಿ ಉಳಿದಿರಲಿಲ್ಲ.

ನಾನು ಮೂವತ್ತೊಂದು ವರ್ಷ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾದವಳು. ಈಗ ಸಕಲೇಶಪುರದಲ್ಲಿದ್ದುಕೊಂಡು, ಆಲೂರು, ಬೇಲೂರು ಕಡೆಗೂ ಹೋಗಿ, ವಾಸಿಯಾಗದ ಕಾಯಿಲೆಯವರನ್ನು ಮನೆಯಲ್ಲೇ ನೋಡಿಕೊಳ್ಳುವ ಕುಟುಂಬಗಳಿಗೆ ಕೈಲಾದ ಸಹಾಯ ಮಾಡುತ್ತೇನೆ. ಗಾಯ ಕಟ್ಟುವುದು, ಮಗ್ಗುಲು ಬದಲಿಸುವುದು, ಬಾಯಿ ಒರೆಸುವುದು ಇವುಗಳ ಜೊತೆಗೆ ಪರಿಮಳವನ್ನೂ ಬಳಸುತ್ತೇನೆ. ಇತ್ತೀಚೆಗೆ ಅನೇಕರು ಮೊಬೈಲ್‌ನಲ್ಲಿ ನೋಡಿ ಲ್ಯಾವೆಂಡರ್ ಎಣ್ಣೆ ತರಿಸಿಟ್ಟುಕೊಂಡು "ಇದನ್ನು ಹೇಗೆ ಹಾಕುವುದು, ಎಷ್ಟು ಹಾಕುವುದು" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪರಿಮಳದಿಂದ ಕಾಯಿಲೆ ಇಳಿಯುವುದಿಲ್ಲ, ಆಯುಷ್ಯ ಹೆಚ್ಚುವುದಿಲ್ಲ. ತೀವ್ರ ನೋವಿಗೆ ವೈದ್ಯರು ಬರೆದುಕೊಡುವ ಮಾರ್ಫಿನ್ ಬೇಕು, ಎಣ್ಣೆಯ ಸೀಸೆ ಅದರ ಜಾಗಕ್ಕೆ ಬರಲಾರದು. ಮಾರ್ಫಿನ್ ಸಿಗುವುದನ್ನು ಸುಲಭ ಮಾಡಲೆಂದೇ 2014ರಲ್ಲಿ ಮಾದಕ ವಸ್ತುಗಳ ಕಾಯಿದೆಗೆ ತಿದ್ದುಪಡಿ ಬಂದಿದೆ. ನೋವಿದ್ದರೆ ಮೊದಲು ಅದನ್ನು ಕೇಳಿ ಪಡೆಯಿರಿ. ಪರಿಮಳ ಮಾಡುವುದು ಸಣ್ಣ ಕೆಲಸ: ಆತಂಕವನ್ನು ಸ್ವಲ್ಪ ತಗ್ಗಿಸುತ್ತದೆ, ವಾಕರಿಕೆಯ ಹೊತ್ತಿಗೆ ಆಸರೆಯಾಗುತ್ತದೆ, ಮುಟ್ಟಲು ಹಿಂಜರಿಯುವ ಮಕ್ಕಳಿಗೆ ಮುಟ್ಟಲು ಒಂದು ನೆಪ ಕೊಡುತ್ತದೆ. 2007ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ 288 ಕ್ಯಾನ್ಸರ್ ರೋಗಿಗಳಿದ್ದರು. ಪರಿಮಳದ ಎಣ್ಣೆಯಿಂದ ಮೈ ನೀವಿಸಿಕೊಂಡವರಲ್ಲಿ ಆರು ವಾರದ ಹೊತ್ತಿಗೆ ಆತಂಕ ಮತ್ತು ಖಿನ್ನತೆ ಇಳಿದಿದ್ದವು, ಹತ್ತು ವಾರದ ಹೊತ್ತಿಗೆ ಆ ಪರಿಣಾಮ ಬಹುಮಟ್ಟಿಗೆ ಕರಗಿತ್ತು. ಬಹಳ ದಿನ ನಿಲ್ಲುವುದಿಲ್ಲ ಎಂಬುದು ನಿಜ. ಆದರೆ ಎದುರಿಗೆ ಮಲಗಿರುವವರಿಗೆ ಇರುವುದೇ ಕೆಲವು ವಾರ ಎಂದಾಗ ಆರು ವಾರ ಸಣ್ಣದಲ್ಲ.

ಮೊದಲು ಅವರನ್ನೇ ಕೇಳಿ

ಸೀಸೆ ಕೊಳ್ಳುವ ಮೊದಲು ಮಲಗಿರುವವರನ್ನು ಕೇಳಿ. "ನಿಮಗೆ ಯಾವ ವಾಸನೆ ಇಷ್ಟ?" ಎಂದು ಕೇಳಿದರೆ ಉತ್ತರ ಬರುವುದು ಕಡಿಮೆ. ಜನ ಹಾಗೆ ಯೋಚಿಸಿರುವುದಿಲ್ಲ. ನಾನು ಬೇರೆ ರೀತಿ ಕೇಳುತ್ತೇನೆ: ಚಿಕ್ಕವರಿದ್ದಾಗ ಮನೆಯ ಹಿತ್ತಿಲಲ್ಲಿ ಯಾವ ಹೂವಿತ್ತು? ಮದುವೆಯ ದಿನ ಏನು ಮುಡಿದಿದ್ದಿರಿ? ತೋಟದಲ್ಲಿ ಯಾವ ತಿಂಗಳು ನಿಮಗೆ ಇಷ್ಟ? ಆಗ ಬಾಯಿ ಬಿಡುತ್ತಾರೆ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾದಾಗಿನ ಕಾಫಿ ಹೂವು ಎಂದವರಿದ್ದಾರೆ. ಏಲಕ್ಕಿ ಒಣಗಿಸುವ ಮನೆಯ ಬಿಸಿ ಗಾಳಿ, ಸಂಪಿಗೆ, ದವನ, ಮೊದಲ ಮಳೆಯ ಮಣ್ಣು ಎಂದವರಿದ್ದಾರೆ. ಅರೇಹಳ್ಳಿಯ ಒಬ್ಬ ಹಿರಿಯರು ಹಬ್ಬದ ದಿನ ಅವರ ತಂದೆ ಕಿವಿಯ ಮಡಿಕೆಯಲ್ಲಿ ಇಟ್ಟುಕೊಳ್ಳುತ್ತಿದ್ದ ಅತ್ತರು ಸವರಿದ ಹತ್ತಿಯನ್ನು ನೆನೆದರು. ಹೆತ್ತೂರಿನ ನಮ್ಮ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, "ನಸುಕಿನಲ್ಲಿ ಹಂಡೆಯಲ್ಲಿ ಭತ್ತ ಬೇಯುವಾಗ ಒಂದು ಹಬೆ ಬರುತ್ತದಲ್ಲ, ಅದು" ಎಂದರು. ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಯಾವ ವಾಸನೆ ಬೇಡ ಎಂಬುದನ್ನೂ ಕೇಳಲೇಬೇಕು. ಊದುಬತ್ತಿಯಂತೆಯೇ ಸುಗಂಧರಾಜದ ಹಾರ ಅನೇಕರಿಗೆ ಸಾವಿನ ಮನೆಯ ನೆನಪು ತರುತ್ತದೆ. ಲ್ಯಾವೆಂಡರ್ ಒಳ್ಳೆಯ ಎಣ್ಣೆ, ಅದರಿಂದ ನಿದ್ದೆ ಬಂದವರನ್ನು ನಾನು ನೋಡಿದ್ದೇನೆ. ಆದರೆ ನಮ್ಮ ಹಿರಿಯರಿಗೆ ಅದು ಗುರುತಿಲ್ಲದ ವಾಸನೆ. ಒಬ್ಬರು "ಆಸ್ಪತ್ರೆಯ ನೆಲ ಒರೆಸಿದ ಹಾಗಿದೆ" ಎಂದರು. ಗುರುತಿಲ್ಲದ ಹಿತಕ್ಕಿಂತ ಗುರುತಿರುವ ಹಿತ ಮೇಲು ಎಂಬುದು ನನ್ನ ಅನುಭವ. ಮೂಗಿನಿಂದ ಹೊರಟ ಸುದ್ದಿ ಮಿದುಳಿನಲ್ಲಿ ನೆನಪು ಮತ್ತು ಭಾವನೆಯ ಭಾಗಗಳನ್ನು ಬಹಳ ನೇರವಾಗಿ ತಲುಪುತ್ತದೆ. ಆದ್ದರಿಂದಲೇ ಒಳ್ಳೆಯದೂ ಕೆಟ್ಟದ್ದೂ ಒಂದೇ ಕ್ಷಣದಲ್ಲಿ ಎದ್ದು ಬರುತ್ತವೆ.

ಪರೀಕ್ಷೆ ಮಾಡುವ ಕ್ರಮ ಸರಳ. ಒಂದು ಹತ್ತಿಯ ಉಂಡೆಗೆ ಒಂದೇ ತೊಟ್ಟು ಹಾಕಿ, ಮುಖದಿಂದ ಒಂದು ಗೇಣು ದೂರದಲ್ಲಿ ಹಿಡಿಯಿರಿ. ಮಾತಾಡಬಲ್ಲವರು ಹೇಳುತ್ತಾರೆ. ಮಾತು ನಿಂತವರ ಹುಬ್ಬನ್ನೂ ತುಟಿಯನ್ನೂ ನೋಡಿ. ಹುಬ್ಬು ಗಂಟಿಕ್ಕಿದರೆ, ಮುಖ ಆಚೆ ತಿರುಗಿದರೆ, ಕೆಮ್ಮು ಬಂದರೆ ತಕ್ಷಣ ತೆಗೆದುಬಿಡಿ. ನಿನ್ನೆ ಇಷ್ಟವಾದದ್ದು ಇಂದು ಬೇಡವಾಗುವುದೂ ಉಂಟು, ಕಾಯಿಲೆ ಮೂಗನ್ನೂ ನಾಲಿಗೆಯನ್ನೂ ಬದಲಿಸುತ್ತದೆ. ದಿನಾ ಕೇಳಿ.

ದುರ್ವಾಸನೆಯನ್ನು ಮುಚ್ಚಬೇಡಿ, ಮೂಲ ಹುಡುಕಿ

ಮನೆಯವರು ಹೆಚ್ಚು ತಪ್ಪು ಮಾಡುವುದು ಇಲ್ಲಿಯೇ. ದುರ್ವಾಸನೆಯ ಮೇಲೆ ಸುವಾಸನೆ ಸುರಿದರೆ ಎರಡೂ ಸೇರಿ ಮೂರನೆಯದೊಂದು ಹುಟ್ಟುತ್ತದೆ. ಆಮೇಲೆ ಮಲ್ಲಿಗೆಯ ವಾಸನೆ ಬಂದಾಗಲೆಲ್ಲ ಹುಣ್ಣು ನೆನಪಾಗುತ್ತದೆ.

ಕ್ಯಾನ್ಸರ್ ಹುಣ್ಣಿನ ವಾಸನೆಗೆ ಮುಖ್ಯ ಕಾರಣ ಸತ್ತ ಅಂಗಾಂಶದಲ್ಲಿ ಗಾಳಿಯಿಲ್ಲದೆ ಬೆಳೆಯುವ ಬ್ಯಾಕ್ಟೀರಿಯಾ. ಅದಕ್ಕೆ ಔಷಧವಿದೆ. ಮೆಟ್ರೊನಿಡಜೋಲ್ ಎಂಬ ಅಗ್ಗದ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಹುಣ್ಣಿಗೆ ಉದುರಿಸುವ ಕ್ರಮ, ಅಥವಾ ಅದರ ಜೆಲ್ ಹಚ್ಚುವ ಕ್ರಮ ವಾಸಿಯಾಗದ ಕಾಯಿಲೆಯವರ ಉಪಶಮನ ಆರೈಕೆಯಲ್ಲಿ ಬಹಳ ದಿನದಿಂದ ಇದೆ. ವೈದ್ಯರನ್ನು ಕೇಳಿಯೇ ಮಾಡಿ, ಎಷ್ಟು ಮತ್ತು ದಿನಕ್ಕೆ ಎಷ್ಟು ಸಲ ಎಂದು ಅವರೇ ಹೇಳಬೇಕು. ಅಜ್ಜಿಯ ಮನೆಯಲ್ಲಿ ಇದನ್ನು ಶುರು ಮಾಡಿ, ಕುದಿಸಿ ಆರಿಸಿದ ಉಪ್ಪುನೀರಿನಿಂದ ಗಾಯ ತೊಳೆದು, ಕಟ್ಟನ್ನು ದಿನಾ ಬದಲಿಸತೊಡಗಿದ ಮೇಲೆ ಕೆಲವೇ ದಿನಗಳಲ್ಲಿ ಬಾಗಿಲು ತೆರೆದಿಡುವಂತಾಯಿತು. ಮೊಮ್ಮಕ್ಕಳು ಒಳಗೆ ಬಂದರು. ಯಾವ ಪರಿಮಳ ತೈಲವನ್ನೂ ಹುಣ್ಣಿನ ಮೇಲೆ ಹಾಕಬೇಡಿ, ಉರಿಯುತ್ತದೆ.

ಇಷ್ಟಾದ ಮೇಲೂ ಸ್ವಲ್ಪ ವಾಸನೆ ಉಳಿದರೆ ಮಂಚದ ಕೆಳಗೆ ಅಗಲ ತಟ್ಟೆಯಲ್ಲಿ ಕಾಫಿ ಪುಡಿ ಹರವಿಡಿ. ನಮ್ಮ ಊರಿನಲ್ಲಿ ಇದಕ್ಕೇನು ಕೊರತೆ! ಚಿಕೋರಿ ಬೆರೆಸದ, ಹೊಸದಾಗಿ ಹುರಿದು ಬೀಸಿದ ಪುಡಿ ಒಳ್ಳೆಯದು. ಎರಡು ದಿನಕ್ಕೊಮ್ಮೆ ಬದಲಿಸಿ. ಔಷಧದ ಅಂಗಡಿಯ ಸಕ್ರಿಯ ಇದ್ದಿಲು ವಾಸನೆ ಹೀರುವುದರಲ್ಲಿ ಇನ್ನೂ ಗಟ್ಟಿ. ಕಾಫಿಯ ವಾಸನೆಯೇ ಸೇರದ ರೋಗಿಯಾದರೆ ಅದನ್ನೇ ಇಡಿ. ಒದ್ದೆ ಬಟ್ಟೆ, ಮೂತ್ರದ ಚೀಲ, ಹಳೆಯ ಕಟ್ಟು ಇವು ಕೋಣೆಯೊಳಗೆ ಒಂದು ಗಳಿಗೆಯೂ ಇರಕೂಡದು. ಕಿಟಕಿ ತೆರೆಯಿರಿ. ಥಂಡಿ ಆಗುತ್ತದೆ ಎಂದು ಮಲೆನಾಡಿನ ಮಳೆಗಾಲದಲ್ಲಿ ಮೂರು ತಿಂಗಳು ಕಿಟಕಿ ಮುಚ್ಚಿಟ್ಟ ಮನೆಗಳನ್ನು ನೋಡಿದ್ದೇನೆ. ಕಂಬಳಿ ಹೊದಿಸಿ, ಕಿಟಕಿ ತೆರೆಯಿರಿ.

ಎಣ್ಣೆ ಕೊಳ್ಳುವುದು, ಬೆರೆಸುವುದು

ಸೀಸೆ ಗಾಢ ಬಣ್ಣದ ಗಾಜಿನದಾಗಿರಲಿ, ಚೀಟಿಯ ಮೇಲೆ ಗಿಡದ ಸಸ್ಯಶಾಸ್ತ್ರೀಯ ಹೆಸರಿರಲಿ. ಲ್ಯಾವೆಂಡರ್ ಆದರೆ ಲ್ಯಾವೆಂಡುಲ ಅಂಗಸ್ಟಿಫೋಲಿಯ ಎಂದಿರಬೇಕು. ಸುಗಂಧ ದ್ರವ್ಯ ಎಂದಷ್ಟೇ ಇದ್ದರೆ ಅದು ಕೃತಕ ಸುವಾಸನೆಯಾಗಿರಬಹುದು, ಚರ್ಮಕ್ಕೆ ಬೇಡ. ನಿಂಬೆ, ಕಿತ್ತಳೆ ಜಾತಿಯ ಎಣ್ಣೆಗಳು ಗಾಳಿ ತಗುಲಿ ಕೆಡುತ್ತವೆ. ಹಳೆಯದಾದಷ್ಟೂ ಚರ್ಮಕ್ಕೆ ತುರಿಕೆ ತರುವುದು ಹೆಚ್ಚು. ಒಂದು ವರ್ಷ ದಾಟಿದ್ದನ್ನು ಎಸೆಯಿರಿ.

ಅಪ್ಪಟ ಪರಿಮಳ ತೈಲವನ್ನು ಹಾಗೆಯೇ ಚರ್ಮಕ್ಕೆ ಹಚ್ಚಬಾರದು, ಒಂದು ತೊಟ್ಟನ್ನೂ ಕುಡಿಸಬಾರದು. ಕುಡಿಸಿದರೆ ಒಳ್ಳೆಯದು ಎಂದು ಯಾರು ಹೇಳಿದರೂ ಕೇಳಬೇಡಿ. ಲೆಕ್ಕ ಹೀಗೆ: ಸುಮಾರು 20 ತೊಟ್ಟು ಒಂದು ಮಿಲಿಲೀಟರ್. 30 ಮಿಲಿಲೀಟರ್ ಸಾದಾ ಎಣ್ಣೆಗೆ 6 ತೊಟ್ಟು ಹಾಕಿದರೆ ನೂರಕ್ಕೆ ಒಂದು ಭಾಗ. ಸೊರಗಿದ ಮೈಗೆ ನಾನು ಅದರ ಅರ್ಧ, ಅಂದರೆ 3 ತೊಟ್ಟು ಮಾತ್ರ ಹಾಕುತ್ತೇನೆ. ಸಾದಾ ಎಣ್ಣೆಗೆ ಸೂರ್ಯಕಾಂತಿ ಎಣ್ಣೆ ಅನುಕೂಲ, ಅದಕ್ಕೆ ತನ್ನದೇ ವಾಸನೆ ಕಡಿಮೆ. ಕೊಬ್ಬರಿ ಎಣ್ಣೆಯೂ ಆಗುತ್ತದೆ, ಆದರೆ ಡಿಸೆಂಬರಿನ ಬೆಳಗ್ಗೆ ಇಲ್ಲಿ ಅದು ಕಲ್ಲಿನಂತೆ ಹೆಪ್ಪುಗಟ್ಟಿರುತ್ತದೆ. ಎಳ್ಳೆಣ್ಣೆಯ ವಾಸನೆ ತನ್ನನ್ನು ಬಿಟ್ಟು ಇನ್ನೊಂದನ್ನು ಮುಂದೆ ಬರಲು ಬಿಡುವುದಿಲ್ಲ. ಬೆರೆಸಿದ್ದನ್ನು ಮೊದಲ ದಿನ ಮೊಣಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ, ಒಂದು ದಿನ ಕಾದು ನೋಡಿ.

ದುಡ್ಡು ಕೊಟ್ಟು ಸೀಸೆ ತರಲೇಬೇಕೆಂದಿಲ್ಲ. ನಾಲ್ಕೈದು ಏಲಕ್ಕಿ ಜಜ್ಜಿ, 100 ಮಿಲಿಲೀಟರ್ ಸೂರ್ಯಕಾಂತಿ ಎಣ್ಣೆಗೆ ಹಾಕಿ, ಆ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಅರ್ಧ ಗಂಟೆ ಇಟ್ಟು ತೆಳು ಬಟ್ಟೆಯಲ್ಲಿ ಸೋಸಿದರೆ ನೀವಲು ಹಿತವಾದ ಎಣ್ಣೆ ಸಿದ್ಧ. ಎರಡು ವಾರದೊಳಗೆ ಮುಗಿಸಿ. ಲಾವಂಚದ ಬೇರನ್ನು ಚೆನ್ನಾಗಿ ತೊಳೆದು ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಗ್ಗೆ ಸೋಸಿ, ಆ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮುಖ, ಕುತ್ತಿಗೆ ಒರೆಸಿದರೆ ಬೇಸಿಗೆಯಲ್ಲಿ ತಂಪು. ತೋಟದ ಕಿತ್ತಳೆ ಬರುವ ಕಾಲದಲ್ಲಿ ಸಿಪ್ಪೆಯನ್ನು ಮಡಚಿ ಹಿಂಡಿದರೆ ಸಾಕು, ಕೋಣೆಗೆ ಬೆಳಕು ಬಂದ ಹಾಗಿರುತ್ತದೆ. ಮಜ್ಜಿಗೆಹುಲ್ಲಿನ (ನಿಂಬೆಹುಲ್ಲಿನ) ಎಣ್ಣೆ ಚರ್ಮಕ್ಕೆ ಖಾರ, ಅದನ್ನು ಮೂಸಲು ಮಾತ್ರ ಇಟ್ಟುಕೊಳ್ಳಿ.

ಗಂಧದ ಎಣ್ಣೆಯ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ, ಬೆರಕೆಯೂ ಹೆಚ್ಚು. ಮನೆಯಲ್ಲಿ ಗಂಧದ ಕೊರಡೂ ಸಾಣೆಕಲ್ಲೂ ಇದ್ದರೆ ಅದಕ್ಕಿಂತ ಇನ್ನೇನು ಬೇಕು? ಶಾಲೆಯಿಂದ ಬಂದ ಮೊಮ್ಮಗನನ್ನು ಮಂಚದ ಪಕ್ಕ ಕೂರಿಸಿ, ನಾಲ್ಕು ಹನಿ ನೀರು ಹಾಕಿ ತೇಯಲು ಹೇಳಿ. ಆ ಸರಸರ ಸದ್ದೂ ವಾಸನೆಯೂ ಒಟ್ಟಿಗೆ ಬರುತ್ತವೆ. ಏನು ಮಾಡಬೇಕೆಂದು ತಿಳಿಯದೆ ಬಾಗಿಲಲ್ಲಿ ನಿಲ್ಲುವ ಹುಡುಗನಿಗೆ ಒಂದು ಕೆಲಸವೂ ಸಿಗುತ್ತದೆ. ತೇಯ್ದದ್ದನ್ನು ಅವನ ಕೈಯಿಂದಲೇ ಹಣೆಗೆ ಇಡಿಸಿ.

ಕೈ ನೀವುವ ಹತ್ತು ನಿಮಿಷ

ಪರಿಮಳಕ್ಕಿಂತ ಹೆಚ್ಚು ಕೆಲಸ ಮಾಡುವುದು ಸ್ಪರ್ಶ ಎಂದು ನಾನು ನಂಬಿದ್ದೇನೆ. ಎಲ್ಲಕ್ಕಿಂತ ಸುಲಭವಾದದ್ದು ಕೈ. ಬಟ್ಟೆ ಸರಿಸಬೇಕಾಗಿಲ್ಲ, ಮಗ್ಗುಲು ಬದಲಿಸಬೇಕಾಗಿಲ್ಲ, ಸಂಕೋಚವಿಲ್ಲ.

ಉಗುರು ಕತ್ತರಿಸಿ, ಉಂಗುರ, ಬಳೆ ತೆಗೆದು, ಬೆಚ್ಚನೆಯ ನೀರಿನಲ್ಲಿ ಕೈ ತೊಳೆದು ಬನ್ನಿ. ನಿಂತುಕೊಂಡು ಮಾಡಬೇಡಿ, ಅವರ ಮುಖದ ಮಟ್ಟಕ್ಕೆ ಬರುವಂತೆ ಕುಳಿತುಕೊಳ್ಳಿ. ಅವರ ಕೈ ಕೆಳಗೆ ಮಡಚಿದ ಟವೆಲ್ ಇಡಿ. ಅರ್ಧ ಟೀ ಚಮಚ ಎಣ್ಣೆಯನ್ನು ನಿಮ್ಮ ಅಂಗೈಯಲ್ಲೇ ಉಜ್ಜಿ ಬೆಚ್ಚಗಾಗಿಸಿ. ಮೊದಲು ಏನೂ ಮಾಡದೆ ಅವರ ಕೈಯನ್ನು ನಿಮ್ಮ ಎರಡು ಕೈಗಳ ನಡುವೆ ಹಿಡಿದು ಮೂರು ಉಸಿರಿನಷ್ಟು ಹೊತ್ತು ಕಾಯಿರಿ. ಆಮೇಲೆ ಬೆರಳ ಗೆಣ್ಣಿನಿಂದ ಮಣಿಕಟ್ಟಿನ ಕಡೆಗೆ ಪೂರ್ತಿ ಅಂಗೈಯಿಂದ ಸವರಿ. ಕೈ ಮಗುಚಿ, ಹೆಬ್ಬೆರಳಿನಿಂದ ಅಂಗೈಯಲ್ಲಿ ಸಣ್ಣ ಸುತ್ತು. ಬಳಿಕ ಒಂದೊಂದೇ ಬೆರಳು, ಬುಡದಿಂದ ತುದಿಗೆ. ಮುದಿ ಚರ್ಮ ಈರುಳ್ಳಿ ಸಿಪ್ಪೆಯಂತಿರುತ್ತದೆ, ನಿಮ್ಮದೇ ಕಣ್ಣಿನ ರೆಪ್ಪೆಯನ್ನು ಮುಟ್ಟುವಷ್ಟು ಭಾರ ಸಾಕು. ಮಾತಾಡಲೇಬೇಕೆಂದಿಲ್ಲ.

ಯಸಳೂರಿನ ಬಳಿ ಒಬ್ಬ ಹಿರಿಯರಿದ್ದರು. ನಲವತ್ತು ವರ್ಷ ತೋಟಗಳಲ್ಲಿ ಮರಗಸಿ, ಅಂದರೆ ನೆರಳಿನ ಮರ ಹತ್ತಿ ಕೊಂಬೆ ಕಡಿಯುವ ಕೆಲಸ, ಮಾಡಿದವರು. ಕತ್ತಿ ಹಿಡಿದು ಹಿಡಿದು ಬಲಗೈಯ ಅಂಗೈ ಚಪ್ಪಲಿಯ ಅಡಿಯಂತೆ ಗಟ್ಟಿಯಾಗಿತ್ತು. ನಾನು ಎಡಗೈ ನೀವಿ ಮುಗಿಸಿ, ಬಲಗೈಗೆ ಬಟ್ಟಲನ್ನು ಮಗನ ಕೈಗೆ ಕೊಟ್ಟೆ. "ನನಗೆ ಬರುವುದಿಲ್ಲ ಅಕ್ಕ" ಎಂದ. ಬೆಳೆದ ಮೇಲೆ ಅಪ್ಪನನ್ನು ಮುಟ್ಟಿದ್ದೇ ಇಲ್ಲವಂತೆ, ಕಾಲಿಗೆ ನಮಸ್ಕಾರ ಮಾಡಿದ್ದು ಬಿಟ್ಟರೆ. ಆದರೂ ಕುಳಿತ. ಏಲಕ್ಕಿ ಎಣ್ಣೆ ಹಚ್ಚಿದ ಹೆಬ್ಬೆರಳನ್ನು ಅಂಗೈಯ ಮೇಲೆ ತಿರುಗಿಸುತ್ತಾ ಹೋದಾಗ ತೋರುಬೆರಳಿನ ಬುಡದಲ್ಲಿ ಒಂದು ಹಳೆಯ ಗಾಯದ ಗೆರೆ ಸಿಕ್ಕಿತು. ಅಲ್ಲೇ ಬೆರಳು ನಿಲ್ಲಿಸಿ ಅಪ್ಪನ ಮುಖ ನೋಡಿದ. ಹಿರಿಯರು ಕಣ್ಣು ತೆರೆಯದೆಯೇ ಹೇಳಿದರು: "ನೀನು ಹುಟ್ಟಿದ ವರ್ಷದ್ದು. ಸಿಲ್ವರ್ ಮರದ ಮೇಲಿದ್ದೆ, ಮಗ ಎಂದು ಕೆಳಗಿನಿಂದ ಕೂಗಿದರು, ಕತ್ತಿ ಜಾರಿತು." ಮಗನಿಗೆ ಅದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆಮೇಲೆ ಹನ್ನೆರಡು ದಿನ, ಸಂಜೆ ತಪ್ಪದೆ, ಆ ಕೈಯನ್ನು ನೀವಿದವನು ಅವನೇ.

ಎಲ್ಲಿ ನೀವಬಾರದು ಎಂಬುದನ್ನು ಮರೆಯಬೇಡಿ. ಸೂಜಿ ಹಾಕಿದ ಜಾಗ, ಗಡ್ಡೆಯ ಮೇಲೆ, ಒಡೆದ ಚರ್ಮ, ವಿಕಿರಣ ಚಿಕಿತ್ಸೆ ನಡೆಯುತ್ತಿರುವ ಭಾಗ ಬೇಡ. ಒಂದೇ ಕಾಲು ಹಠಾತ್ತನೆ ಊದಿ ಬಿಸಿಯಾಗಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಮುಟ್ಟದೆ ವೈದ್ಯರಿಗೆ ತಿಳಿಸಿ. ನೋವಿಗೆ ಫೆಂಟನಿಲ್ ಪಟ್ಟಿ ಅಂಟಿಸಿದ್ದರೆ ಅದರ ಸುತ್ತಮುತ್ತ ಎಣ್ಣೆಯೂ ಬೇಡ, ಬಿಸಿ ಶಾಖವೂ ಬೇಡ. ಶಾಖಕ್ಕೆ ಔಷಧ ಒಮ್ಮೆಲೇ ಹೆಚ್ಚು ಒಳಗೆ ಹೋಗಿ ಉಸಿರಿಗೇ ತೊಂದರೆಯಾಗಬಹುದು.

ವಾಕರಿಕೆ, ಉಸಿರು, ನಿದ್ದೆ

ವಾಕರಿಕೆ ಇರುವವರ ಮನೆಯಲ್ಲಿ ಮೊದಲು ಅಡುಗೆಮನೆಯ ಬಾಗಿಲು ಮುಚ್ಚಿ. ಒಗ್ಗರಣೆಯ ವಾಸನೆಯೇ ಅರ್ಧ ವಾಂತಿ ತರಿಸುತ್ತದೆ. ಆರಿದ ಊಟಕ್ಕೆ ವಾಸನೆ ಕಡಿಮೆ, ಮೊಸರನ್ನವನ್ನು ತಣ್ಣಗೆ ಕೊಡಿ. ಹೆಚ್ಚಿದ ಹಸಿ ಶುಂಠಿ, ಗೀರಿದ ನಿಂಬೆಹಣ್ಣು, ಕರವಸ್ತ್ರಕ್ಕೆ ಒಂದು ತೊಟ್ಟು ಪುದೀನಾ ಎಣ್ಣೆ, ಇವುಗಳಲ್ಲಿ ಅವರಿಗೆ ಸೇರಿದ್ದನ್ನು ಮೂಸಲು ಕೊಡಬಹುದು. ಇಂಜೆಕ್ಷನ್‌ಗೆ ಮೊದಲು ಒರೆಸುವ ಸ್ಪಿರಿಟ್ ಪಟ್ಟಿಯೂ ಕೆಲಸಕ್ಕೆ ಬರುತ್ತದೆ. ಮೂಗಿನ ಕೆಳಗೆ ಒಂದೆರಡು ಸೆಂಟಿಮೀಟರ್ ದೂರದಲ್ಲಿ ಹಿಡಿದು ಮೂಗಿನಿಂದ ನಿಧಾನವಾಗಿ ಉಸಿರೆಳೆದುಕೊಳ್ಳಲು ಹೇಳಿ. ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ನಡೆದ ಪರೀಕ್ಷೆಗಳಲ್ಲಿ ಇದರಿಂದ ವಾಕರಿಕೆ ತಗ್ಗಿದೆ. ಆದರೆ ಕಿಮೊ ನಡೆಯುತ್ತಿರುವ ದಿನಗಳಲ್ಲಿ ಅವರ ಪ್ರೀತಿಯ ಪರಿಮಳವನ್ನು ಹತ್ತಿರ ತರಬೇಡಿ. ವಾಂತಿಯೊಂದಿಗೆ ಅದು ಗಂಟುಬಿದ್ದರೆ ಮತ್ತೆ ಬಿಡಿಸಲಾಗದು.

ಉಸಿರಾಟದ ವಿಷಯದಲ್ಲಿ ನಾನೇ ಒಮ್ಮೆ ತಪ್ಪು ಮಾಡಿದ್ದೇನೆ. ಆಲೂರಿನ ಕಡೆ, ವರ್ಷಗಟ್ಟಲೆ ಬೀಡಿ ಸೇದಿ ಶ್ವಾಸಕೋಶ ಸವೆದ ಒಬ್ಬರ ಕೋಣೆಯಲ್ಲಿ ಬಿಸಿನೀರಿಗೆ ಆರು ತೊಟ್ಟು ಲ್ಯಾವೆಂಡರ್ ಹಾಕಿಟ್ಟೆ. ಐದು ನಿಮಿಷದಲ್ಲಿ ಕೆಮ್ಮು ಹತ್ತಿಕೊಂಡಿತು, ತುಟಿ ಕಪ್ಪಿಟ್ಟಿತು. ಬೋಗುಣಿಯನ್ನು ಹೊರಗೆ ಚೆಲ್ಲಿ, ಕಿಟಕಿ ತೆರೆದು, ಅವರನ್ನು ಮುಂದಕ್ಕೆ ಬಾಗಿಸಿ ಕೂರಿಸಿ ಬೆನ್ನಿಗೆ ಕೈ ಕೊಟ್ಟು ಕುಳಿತ ಆ ಅರ್ಧ ಗಂಟೆಯನ್ನು ನಾನು ಮರೆತಿಲ್ಲ. ಅಂದಿನಿಂದ ದಮ್ಮು ಇರುವವರ ಕೋಣೆಯಲ್ಲಿ ಹಬೆಯೂ ಬೇಡ, ಪರಿಮಳ ಹರಡುವ ಯಂತ್ರದ ಮಂಜೂ ಬೇಡ. ಅವರಿಗೆ ಸಣ್ಣ ಕೈ ಫ್ಯಾನು ಮುಖಕ್ಕೆ ಗಾಳಿ ತಾಗುವಂತೆ ಹಿಡಿಯುವುದೇ ದೊಡ್ಡ ಉಪಕಾರ. ಕೆನ್ನೆಗೆ, ಮೂಗಿಗೆ ತಂಪು ಗಾಳಿ ಸೋಕಿದರೆ ಉಸಿರು ಸಾಲದು ಎಂಬ ಭಾವ ತಗ್ಗುತ್ತದೆ. ಪರಿಮಳ ಬೇಕೇ ಬೇಕೆಂದರೆ ಕರವಸ್ತ್ರದ ಮೇಲೆ ಒಂದು ತೊಟ್ಟು, ಅವರ ಕೈಯಲ್ಲೇ. ಬೇಡವೆನಿಸಿದ ಕ್ಷಣ ಅವರೇ ದೂರ ಇಡಬಹುದು.

ನಿದ್ದೆಗೆ ಹೆಚ್ಚಿನದೇನಿಲ್ಲ. ಮಲಗುವ ಅರ್ಧ ಗಂಟೆ ಮೊದಲು ದಿಂಬಿನ ಪಕ್ಕದ ಬಟ್ಟೆಗೆ ಒಂದು ತೊಟ್ಟು, ಹದಿನೈದು ನಿಮಿಷದ ಬಳಿಕ ತೆಗೆದಿಡಿ. ಇಡೀ ರಾತ್ರಿ ಇಟ್ಟರೆ ಮೂಗು ಅದನ್ನು ಗುರುತಿಸುವುದನ್ನೇ ಬಿಡುತ್ತದೆ, ಪಕ್ಕದಲ್ಲಿ ಮಲಗಿದವರಿಗೆ ತಲೆನೋವು.

ಬೆಂಕಿ ಮತ್ತು ಕರ್ಪೂರ

ಆಮ್ಲಜನಕದ ಯಂತ್ರ ಅಥವಾ ಸಿಲಿಂಡರ್ ಇರುವ ಕೋಣೆಯಲ್ಲಿ ದೀಪ, ಊದುಬತ್ತಿ, ಧೂಪ, ಕರ್ಪೂರದ ಆರತಿ ಯಾವುದೂ ಇರಕೂಡದು. ಆಮ್ಲಜನಕ ತುಂಬಿದ ಗಾಳಿಯಲ್ಲಿ ಕಿಡಿ ಬೆಂಕಿಯಾಗಲು ಕ್ಷಣ ಸಾಕು. ಮೂಗಿನ ಕೊಳವೆಯ ಸುತ್ತ ಎಣ್ಣೆ, ವ್ಯಾಸಲೀನ್ ಹಚ್ಚಬೇಡಿ, ಸ್ಪಿರಿಟ್ ಪಟ್ಟಿಯನ್ನೂ ಅಲ್ಲಿ ಬಳಸಬೇಡಿ. ಮನೆಯ ಹಿರಿಯರು ಪೂಜೆ ನಿಲ್ಲಿಸಲು ಒಪ್ಪದಿದ್ದರೆ ದೇವರ ಕೋಣೆಯಲ್ಲಿ ಮಾಡಿ, ಆರತಿಯ ಬಿಸಿಯನ್ನು ಅಂಗೈಯಲ್ಲಿ ತಂದು ಅವರ ಕಣ್ಣಿಗೆ ಒತ್ತಿ. ಹಾಗೆ ಮಾಡಿದ ಮನೆಗಳಲ್ಲಿ ಯಾರಿಗೂ ಕೊರತೆ ಅನಿಸಿಲ್ಲ.

ಕರ್ಪೂರ, ನೀಲಗಿರಿ ಎಣ್ಣೆ, ರೋಸ್‌ಮೇರಿ ಎಣ್ಣೆ ಇವು ಫಿಟ್ಸ್ ಇರುವವರಿಗೆ, ಮಿದುಳಿಗೆ ಗಡ್ಡೆ ಹರಡಿದವರಿಗೆ ಬೇಡ. ಮನೆಯಲ್ಲಿ ಮಕ್ಕಳಿದ್ದರೆ ಈ ಸೀಸೆಗಳನ್ನು ಬೀರುವಿನ ಮೇಲಿಡಿ. ಅವರು ಕುಡಿದರೆ ಸ್ವಲ್ಪವೇ ಪ್ರಾಣಕ್ಕೆ ಎರವಾಗಬಹುದು, ಕೂಸಿನ ಮೂಗಿನ ಹತ್ತಿರ ನೀಲಗಿರಿ, ಪುದೀನಾ ಹಚ್ಚಲೂ ಬಾರದು. ರಕ್ತ ತೆಳುಮಾಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ನೋವಿನ ಬಾಮುಗಳನ್ನು ಮೈತುಂಬ ತಿಕ್ಕಬೇಡಿ. ಅವುಗಳಲ್ಲಿ ಹಲವಕ್ಕೆ ಸೇರಿಸುವ ಮೀಥೈಲ್ ಸ್ಯಾಲಿಸಿಲೇಟ್ ರಕ್ತಸ್ರಾವವನ್ನು ಹೆಚ್ಚಿಸಬಲ್ಲದು.

ಕೊನೆಯ ಎರಡು ಮೂರು ದಿನ

ಊಟ ನಿಂತು, ನಿದ್ದೆ ಹೆಚ್ಚಾಗಿ, ಉಸಿರು ತಡೆತಡೆದು ಬರತೊಡಗಿದಾಗ ಹೊಸ ಪರಿಮಳ ಯಾವುದನ್ನೂ ಶುರು ಮಾಡಬೇಡಿ. ಇರುವುದನ್ನೂ ಅರ್ಧಕ್ಕೆ ಇಳಿಸಿ. ಬಾಯಿ ಒಣಗಿದರೆ ಸಾದಾ ನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ತುಟಿ, ನಾಲಿಗೆ ಒರೆಸಿ. ನಿಂಬೆ ಮತ್ತು ಗ್ಲಿಸರಿನ್ ಹಚ್ಚಿದ ಕಡ್ಡಿಗಳು ಬೇಡ, ಅವು ಬಾಯನ್ನು ಇನ್ನೂ ಒಣಗಿಸುತ್ತವೆ. ನಿಮ್ಮ ಕೈಗೆ ಸ್ನಾನದ ಸೋಪಿನ, ಸೆಂಟಿನ ಗಾಢ ವಾಸನೆ ಇಲ್ಲದಿರಲಿ. ಅವರಿಗೆ ಗುರುತಿರುವುದು ನಿಮ್ಮ ಮೈಯ, ನಿಮ್ಮ ಸೀರೆಯ ವಾಸನೆ. ಅದೇ ಹತ್ತಿರವಿರಲಿ.

ಅಜ್ಜಿಯ ಮನೆಯಿಂದ ಸೊಸೆ ಫೋನ್ ಮಾಡಿದಾಗ ನಾನು ಬಸ್ಸಿನಲ್ಲಿದ್ದೆ. "ಮಾತು ನಿಂತಿದೆ ಸಿಸ್ಟರ್, ನಾಳೆ ಬೆಳಗ್ಗೆ ಭತ್ತ ಬೇಯಿಸಲೇ?" ಎಂದಳು. ಅಲ್ಲಿ ಆಮ್ಲಜನಕ ಇರಲಿಲ್ಲ, ದಮ್ಮೂ ಇರಲಿಲ್ಲ. ಬೇಯಿಸು, ಆದರೆ ಒಲೆಯ ಹೊಗೆ ಒಳಗೆ ಬರದ ಕಡೆ ಹೂಡು ಎಂದೆ. ನಸುಕಿನಲ್ಲಿ ನಾನು ಹೋಗುವ ಹೊತ್ತಿಗೆ ಅಂಗಳದ ಮೂಲೆಯಲ್ಲಿ ಮೂರು ಕಲ್ಲು ಹೂಡಿ ಹಂಡೆ ಏರಿಸಿದ್ದರು. ಭತ್ತ ಬಾಯಿ ಬಿಡುತ್ತಿತ್ತು. ಮಗ ಒಂದು ಮೊರದಷ್ಟು ಬಿಸಿ ಭತ್ತವನ್ನು ಬಾಳೆಎಲೆಯ ಮೇಲೆ ಹಾಕಿ ತಂದು ಕಿಟಕಿಯ ಕಟ್ಟೆಯ ಮೇಲಿಟ್ಟ. ಹಬೆ ಒಳಗೆ ಬಂತು: ಒದ್ದೆ ಹುಲ್ಲು, ಮಣ್ಣು, ಅನ್ನ, ಮೂರೂ ಕಲೆತ ವಾಸನೆ. ಅಜ್ಜಿಯ ಮೂಗಿನ ಹೊಳ್ಳೆ ಎರಡು ಸಲ ಅಲುಗಿತು. ಹೊದಿಕೆಯ ಮೇಲಿದ್ದ ಬಲಗೈ ಬೆರಳುಗಳು ಕಾಳು ಹಿಸುಕಿ ನೋಡುವವರಂತೆ ಒಂದಕ್ಕೊಂದು ಸೋಕಿದವು. ಸೊಸೆ ಆ ಬೆರಳುಗಳ ನಡುವೆ ಎರಡು ಬೆಚ್ಚನೆಯ ಕಾಳು ಇಟ್ಟಳು.

ಮರುದಿನ ಮಧ್ಯಾಹ್ನ ಅಜ್ಜಿ ತೀರಿಕೊಂಡರು. ತಲೆಯ ಬಳಿ ದೀಪ ಇಟ್ಟು ಸೊಸೆ ಊದುಬತ್ತಿ ಹಚ್ಚಿದಳು. ಅಂಗಳದ ಚಾಪೆಯ ಮೇಲೆ ಹರವಿದ್ದ ಭತ್ತವನ್ನು ಬಂದ ನೆಂಟರು ಯಾರೂ ತುಳಿಯದಂತೆ ಮಗ ಬದಿಗೆ ಎಳೆದಿಟ್ಟ. ಅದು ಒಣಗಿದ ಮೇಲೆ ಅಕ್ಕಿ ಮಾಡಿಸಿ, ಹನ್ನೊಂದನೆಯ ದಿನದ ಅಡುಗೆಗೆ ಅದನ್ನೇ ಹಾಕಿದರು.